ಗಣಿಗಾರರ ಬೋರ್ಡಿಂಗ್ ಮನೆಯನ್ನು ಜನಗಣತಿಯ ಹಾಳೆಯಲ್ಲಿ ಹುಡುಕುವುದು ಹೇಗೆ?

ಅಮೆರಿಕದ ಮಿಷಿಗನ್ ರಾಜ್ಯದ ಕ್ಯಾಲುಮೆಟ್ ಊರಿನ ತಾಮ್ರದ ಗಣಿಗಳಿಗೆ ದುಡಿಯಲು ಬಂದ ಫಿನ್ನಿಷ್, ಇಟಾಲಿಯನ್, ಕ್ರೊಯೇಷಿಯನ್ ಮತ್ತು ಸ್ಲೊವೇನಿಯನ್ ಗಂಡಸರಲ್ಲಿ ಅನೇಕರು ಹಣ ಕೊಟ್ಟು ಬೇರೊಬ್ಬರ ಸಂಸಾರದ ಜೊತೆ ಊಟ, ವಸತಿ ಪಡೆಯುತ್ತಿದ್ದರು. ಅಂಥ ಮನೆ ಹೊರಗಿನಿಂದ ಸಾಧಾರಣ ಮನೆಯಂತೆಯೇ ಇದ್ದಿರಬಹುದಾದ್ದರಿಂದ, ಅದನ್ನು ಮೊದಲು ಕಾಗದಪತ್ರಗಳಲ್ಲಿ ಹುಡುಕಬೇಕು.

ಆರಂಭಕ್ಕೆ 1910ರ ಜನಗಣತಿ ಸೂಕ್ತ. 1890ರ ಹಾಳೆಗಳು ಬಹುಪಾಲು ನಾಶವಾಗಿವೆ. ಎಣಿಕೆದಾರರು ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆದುಕೊಂಡಿರುವುದುಂಟು, ಆದುದರಿಂದ ಹೆಸರಿನ ಬೆನ್ನು ಹತ್ತುವುದಕ್ಕಿಂತ ಮನೆಯ ಯಜಮಾನನೊಡನೆ ಇರುವ ಸಂಬಂಧದ ಅಂಕಣವನ್ನು ಮೇಲಿನಿಂದ ಕೆಳಕ್ಕೆ ಓದಿಕೊಂಡು ಹೋಗಿ. ಯಜಮಾನ, ಹೆಂಡತಿ, ಮಕ್ಕಳು ಮುಗಿದ ಮೇಲೆ 'ಬೋರ್ಡರ್' ಎಂಬ ಪದ ಆರೆಂಟು ಸಾಲುಗಳಲ್ಲಿ ಒಂದರ ಕೆಳಗೊಂದು ಬಂದರೆ, ಉದ್ಯೋಗದ ಕಡೆ ತಾಮ್ರದ ಗಣಿ ಎಂದಿದ್ದರೆ, ನೀವು ಹುಡುಕುತ್ತಿದ್ದ ಮನೆ ಬಹುಶಃ ಅದೇ. 'ಲಾಡ್ಜರ್' ಎಂದಿದ್ದರೂ ಬಿಡಬೇಡಿ. ಬೋರ್ಡರ್‌ಗೆ ಊಟವೂ ಸೇರಿರುತ್ತದೆ, ಲಾಡ್ಜರ್‌ಗೆ ಮಲಗಲು ಜಾಗ ಮಾತ್ರ ಎಂಬ ಭೇದವನ್ನು ಎಣಿಕೆದಾರರು ಯಾವಾಗಲೂ ಪಾಲಿಸಿಲ್ಲ.

ಹುಟ್ಟಿದ ದೇಶದ ಅಂಕಣದಲ್ಲಿ ಎಡವುವವರು ಬಹಳ. ಆಗ ಫಿನ್ಲೆಂಡ್ ರಷ್ಯಾದ ಚಕ್ರವರ್ತಿಯ ಕೈಕೆಳಗಿತ್ತು, ಕ್ರೊಯೇಷಿಯನ್ನರೂ ಸ್ಲೊವೇನಿಯನ್ನರೂ ಆಸ್ಟ್ರಿಯಾ-ಹಂಗೇರಿಯ ಪ್ರಜೆಗಳಾಗಿದ್ದರು. ಹೀಗಾಗಿ 'ರಷ್ಯಾ' ಎಂದು ಕಂಡೊಡನೆ ಪುಟ ಮಗುಚದೆ, ಆ ವರ್ಷ ಜೊತೆಗೇ ಬರೆದುಕೊಂಡ ಮಾತೃಭಾಷೆಯನ್ನು ನೋಡಬೇಕು. ವಲಸೆ ಬಂದ ವರ್ಷವನ್ನೂ ಗುರುತುಮಾಡಿಕೊಳ್ಳಿ, ಹಡಗಿನ ಪ್ರಯಾಣಿಕರ ಪಟ್ಟಿಯನ್ನು ತೆಗೆಯಲು ಅದೇ ದಾರಿ. ಆ ಪಟ್ಟಿಗಳಲ್ಲಿ ಪ್ರಯಾಣಿಕನು ಯಾರಲ್ಲಿಗೆ ಹೊರಟಿದ್ದಾನೆ ಎಂಬ ವಿವರವಿರುತ್ತದೆ. ಬೇರೆಬೇರೆ ಹಡಗುಗಳಲ್ಲಿ ಬಂದ ಮೂವರು ಒಂದೇ ವಿಳಾಸ ಕೊಟ್ಟಿದ್ದರೆ ಅದಕ್ಕಿಂತ ಒಳ್ಳೆಯ ಸುಳಿವು ಸಿಗಲಾರದು.

ಮನೆಯೊಡತಿಯ ಸಾಲನ್ನು ಮಾತ್ರ ಎರಡು ಸಲ ಓದಿ. ಅಷ್ಟು ಜನರ ಅಡಿಗೆ, ಬಟ್ಟೆ, ಬುತ್ತಿಯ ಭಾರ ಸಾಮಾನ್ಯವಾಗಿ ಅವಳ ಮೇಲೆಯೇ ಇದ್ದರೂ, ಉದ್ಯೋಗದ ಕಡೆ 'ಇಲ್ಲ' ಎಂದು ಬರೆದಿರುವುದು ಸಾಮಾನ್ಯ. ನನ್ನ ಮಟ್ಟಿಗೆ ಇಡೀ ಹಾಳೆಯ ದೊಡ್ಡ ಸುಳ್ಳು ಅದು. ನಿಮ್ಮ ಟಿಪ್ಪಣಿಯಲ್ಲಿ ಅವಳ ಹೆಸರನ್ನೇ ಮೊದಲು ಬರೆಯಿರಿ.

ಕೊನೆಯದಾಗಿ, ವಿಳಾಸವನ್ನು ಸ್ಯಾನ್‌ಬೋರ್ನ್ ಅಗ್ನಿವಿಮಾ ನಕ್ಷೆಗಳಲ್ಲಿ, ಅಂದರೆ ವಿಮಾ ಕಂಪನಿಗಳಿಗಾಗಿ ಊರಿನ ಒಂದೊಂದು ಕಟ್ಟಡವನ್ನೂ ಗುರುತಿಸಿದ ನಕ್ಷೆಗಳಲ್ಲಿ, ಇಟ್ಟು ನೋಡಿ: ಹಳದಿ ಬಣ್ಣವೆಂದರೆ ಮರದ ಕಟ್ಟಡ, ಗುಲಾಬಿಯೆಂದರೆ ಇಟ್ಟಿಗೆಯದು.