13ನೇ ಕೀರ್ತನೆ ಓದಿ ಸಾಲ ಎದುರಿಸಿದ್ದು

"ದೇವರ ಹತ್ತಿರ ಹೀಗೆಲ್ಲ ದೂರು ಹೇಳಬಾರದು ಮಗಾ, ಸ್ತುತಿ ಮಾಡು" ಅಂದಿದ್ದರು ನಮ್ಮ ಚರ್ಚ್ ಸಭೆಯ ಹಿರಿಯರೊಬ್ಬರು, ಬೈಬಲಿನ ಪ್ರಾರ್ಥನಾ ಗೀತೆಗಳಲ್ಲಿ ಒಂದಾದ 13ನೇ ಕೀರ್ತನೆ ಹಿಡಿದು ನನ್ನ ಸಾಲದ ಗೋಳನ್ನು ದೇವರಿಗೆ ಹೇಳುತ್ತಿದ್ದಾಗ. ಮೊನ್ನೆ ಅವರೇ ಬಂದು, ನೀನು ಹೇಗೆ ಮಾಡಿದ್ದು ಅಂತ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

2020ರ ಲಾಕ್‌ಡೌನ್‌ನಲ್ಲಿ ಮಂಗಳೂರಿನ ನನ್ನ ಬೇಕರಿ ನೆಲ ಕಚ್ಚಿತು. ಕೈಸಾಲ ಸುಮಾರು 4 ಲಕ್ಷ. ತಿಂಗಳ ಬಡ್ಡಿಯೇ 12,000. ಫೋನ್ ರಿಂಗಾದರೆ ಕೈ ನಡುಗುತ್ತಿತ್ತು. ಹೆಂಡತಿಗೆ ಅರ್ಧ ಲೆಕ್ಕ ಮಾತ್ರ ಹೇಳಿದ್ದೆ.

ಮೊದಲು ಮಾಡಿದ್ದು ಯಾವುದೂ ಕೈ ಹಿಡಿಯಲಿಲ್ಲ. ಉಪವಾಸ ಹಿಡಿದೆ, ಒಲೆಯ ಬಿಸಿಗೆ ಒಂಬತ್ತನೇ ದಿನ ತಲೆ ಸುತ್ತಿ ಬಿದ್ದೆ. ಕಣ್ಣು ಮುಚ್ಚಿ ಸತ್ಯವೇದ (ಬೈಬಲು) ತೆರೆದರೆ, ಎಲ್ಲ ಕಳೆದುಕೊಂಡ ಯೋಬನ ಗೋಳು ಸಿಕ್ಕಿ ಭಯ ಜಾಸ್ತಿಯಾಯಿತು. ದೂರದ ಪ್ರಾರ್ಥನಾ ಕೂಟಗಳಿಗೆ ಬಸ್ಸು, ಕಾಣಿಕೆ ಅಂತ ಆರೇಳು ಸಾವಿರ ಹೋಯಿತು. ಭಾನುವಾರದ ಧೈರ್ಯ ಸೋಮವಾರಕ್ಕೆ ಉಳಿಯುತ್ತಿರಲಿಲ್ಲ.

ಆಮೇಲೆ 13ನೇ ಕೀರ್ತನೆ ಹಿಡಿದೆ. ಆರೇ ವಚನ. ಬೆಳಗ್ಗೆ 4ಕ್ಕೆ, ಹಿಟ್ಟು ಕಲಸುವ ಮೊದಲು, ನಿಂತು, ಗಟ್ಟಿಯಾಗಿ. ಮೊದಲೆರಡು ವಚನದಲ್ಲಿ "ಎಷ್ಟರವರೆಗೆ" ಅಂತ ನಾಲ್ಕು ಸಲ ರಾಜ ದಾವೀದ ದೇವರನ್ನು ಕೇಳುತ್ತಾನೆ. ಪ್ರತಿ ಸಲವೂ ನಿಲ್ಲಿಸಿ ನನ್ನದನ್ನು ಹೇಳಿದೆ. ಯಾರಿಗೆ ಕೊಡಬೇಕು, ಎಷ್ಟು, ಯಾವ ತಾರೀಖು, ಎಲ್ಲ. ಐದನೇ ವಚನದಲ್ಲಿ ಭರವಸೆ ಬರುತ್ತದೆ. ಮೊದಲ ಎರಡು ವಾರ ಅಲ್ಲಿಗೆ ಓಡಿ ಓಡಿ ಕೆಡಿಸಿದೆ. ನಿಧಾನ ಮಾಡಿದ ಮೇಲೆಯೇ ಎದೆ ಹಗುರವಾಯಿತು. ನಾಲ್ಕನೇ ವಚನಕ್ಕೂ ಐದನೇ ವಚನಕ್ಕೂ ನಡುವೆ ಏನು ಮಾಡುತ್ತೇನೆ ಅನ್ನುವುದು ನನ್ನ ಮತ್ತು ದೇವರ ನಡುವೆ ಇರಲಿ.

ಓದಿದ ದಿನವೇ, ಹತ್ತು ಗಂಟೆಯೊಳಗೆ, ಹೆದರಿಕೆ ಹುಟ್ಟಿಸುವ ಒಂದು ಕೆಲಸ ಮುಗಿಸುತ್ತಿದ್ದೆ. ಇದನ್ನು ಬಿಟ್ಟ ದಿನ ಕೀರ್ತನೆ ಬಾಯಲ್ಲೇ ಉಳಿಯಿತು.

ನಡುವೆ 88ನೇ ಕೀರ್ತನೆಯನ್ನೂ ನೋಡಿದೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಒಬ್ಬನೇ ಓದಬೇಡಿ, ಜೊತೆಗೆ ಯಾರಾದರೂ ಇರಲಿ. ಯೇಸುವಿನ ಅಪೊಸ್ತಲ ಪೌಲ ಸೆರೆಯಿಂದ ಫಿಲಿಪ್ಪಿ ಊರಿನ ಸಭೆಗೆ ಬರೆದ ಪತ್ರವನ್ನು ತುಳುವಿನಲ್ಲೂ ಓದಿದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು 1847ರಲ್ಲೇ ಆ ಪತ್ರವೂ ಇರುವ ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯನ್ನು ತುಳುವಿನಲ್ಲಿ ಅಚ್ಚು ಹಾಕಿದ್ದರು. ಅಮ್ಮನ ಮಾತಿನಲ್ಲಿ ಕೇಳಿದರೆ ಬೇರೆಯೇ, ಅಲ್ವಾ?

ಮೂರನೇ ತಿಂಗಳು ಹೆಂಡತಿಗೆ ಪೂರ್ತಿ ಲೆಕ್ಕ ಇಟ್ಟೆ. "ಇಷ್ಟು ದಿನ ಒಬ್ಬರೇ ಹೊತ್ತಿದ್ರಾ?" ಅಂದಳು. ಸಾಲ ಕೊಟ್ಟವರ ಮನೆಗೂ ಹೋದೆ. ಬಡ್ಡಿ ಇಳಿಸಲಿಲ್ಲ, ಅಸಲನ್ನು ಕಂತಿನಲ್ಲಿ ತೆಗೆದುಕೊಳ್ಳಲು ಒಪ್ಪಿದರು. ಒಂದು ಮಿಕ್ಸರ್ ಮಾರಿದ್ದಕ್ಕೆ 38,000 ಬಂತು. ಎರಡೂವರೆ ವರ್ಷದಲ್ಲಿ ತೀರಿಸಿದೆ.

ಆ ಹಿರಿಯರ ಮಗ ಈಗ ಆಸ್ಪತ್ರೆಯಲ್ಲಿದ್ದಾನೆ. ಮೊನ್ನೆ ಇಬ್ಬರೂ ನಿಂತು ಓದಿದೆವು. ಎರಡನೇ ವಚನಕ್ಕೆ ಅವರ ಗಂಟಲು ಕಟ್ಟಿತು. "ಅಲ್ಲೇ ಇರಿ, ಅವಸರ ಇಲ್ಲ" ಅಂದೆ.