ಮರಿಯ ಬಣ್ಣ: ಕ್ರಾಸ್ ಮಾಡಿಸುವ ಮೊದಲೇ ಲೆಕ್ಕ ಹಾಕಿ

ಅಪ್ಪ ಅಮ್ಮ ಎರಡೂ ಕಪ್ಪು ಲ್ಯಾಬ್ರಡಾರ್. ಮರಿಗಳಲ್ಲಿ ಒಂದು ಹಳದಿ, ಒಂದು ಚಾಕೊಲೇಟ್. ತಕ್ಷಣ ಜಗಳ ಶುರು: ಬೀದಿ ನಾಯಿ ನುಗ್ಗಿತ್ತಾ, ತಳಿಯ ಪೇಪರ್ ಸುಳ್ಳಾ? ಬಹುತೇಕ ಎರಡೂ ಅಲ್ಲ. ಇನ್ನೊಂದು ಕಡೆ, ಬೂದು ಬಣ್ಣದ ಮರಿ ಹುಟ್ಟಿದರೆ ‘ರೇರ್ ಕಲರ್’ ಅಂತ ಬೆಲೆ ಏರಿಸುವವರು. ಇವೆರಡೂ ಎಡವಟ್ಟು ಆಗುವುದು ಕಾಗದ, ಪೆನ್ನು ಹಿಡಿದು ಕೂರದೆ ಇರುವುದರಿಂದ.

ಮೊದಲು ಮೂಗು ನೋಡಿ

ಕೂದಲು ಆಮೇಲೆ. ನಾಯಿಯ ಮೈಯಲ್ಲಿ ಮೂಲತಃ ಇರುವುದು ಎರಡೇ ಬಣ್ಣ: ಒಂದು ಕಪ್ಪು, ಇನ್ನೊಂದು ಕೆಂಪು-ಹಳದಿ. ಕಪ್ಪು ಬಣ್ಣಕ್ಕೆ ಏನಾಗಿದೆ ಎಂಬುದನ್ನು ಮೂಗು ಹೇಳುತ್ತದೆ. ಕಂದು ಮೂಗು ಎಂದರೆ ಕಪ್ಪು ಕಂದಾಗಿದೆ. ಸ್ಲೇಟಿನಂಥ ಬೂದು ಮೂಗು ಎಂದರೆ ಕಪ್ಪು ತಿಳಿಯಾಗಿದೆ. ಹಳದಿ ನಾಯಿಗಳ ಕಪ್ಪು ಮೂಗು ಕೆಲವೊಮ್ಮೆ ಮಾಸಿ ಗುಲಾಬಿಯಾಗುತ್ತದೆ. ಆಗ ಕಣ್ಣಿನ ಅಂಚು, ತುಟಿ ನೋಡಿ. ಹಗಲು ಬೆಳಕಿನಲ್ಲೇ ನೋಡಿ. ಮೊಬೈಲ್ ಫೋಟೊ ನಂಬಬೇಡಿ.

ಅಕ್ಷರ ಬರೆಯಿರಿ

ಕಂದು ಜೀನಿಗೆ ಬಿ, ಹಳದಿಗೆ ಇ, ಬಣ್ಣ ತಿಳಿಮಾಡುವುದಕ್ಕೆ ಡಿ. ದೊಡ್ಡಕ್ಷರ ಮಾಮೂಲಿ, ಸಣ್ಣಕ್ಷರ ಬದಲಾದದ್ದು. ಪ್ರತಿ ಜೀನಿಗೂ ಎರಡು ಅಕ್ಷರ, ಅಪ್ಪನದೊಂದು ಅಮ್ಮನದೊಂದು. ಎರಡೂ ಸಣ್ಣದಾದರೆ ಮಾತ್ರ ಬಣ್ಣ ಬದಲಾಗುತ್ತದೆ.

ಪ್ರಶ್ನೆ ಚಿಹ್ನೆ ತುಂಬಿಸಿ

ಎಲ್ಲರೂ ಮುಗ್ಗರಿಸುವುದು ಇಲ್ಲೇ. ಕಪ್ಪು ನಾಯಿ ಕಂಡ ಕೂಡಲೇ ಎರಡು ದೊಡ್ಡ ಬಿ ಬರೆದುಬಿಡುತ್ತಾರೆ. ಹಾಗೆ ಮಾಡಬೇಡಿ. ಕಪ್ಪು ನಾಯಿಯ ಬಗ್ಗೆ ಖಚಿತವಾಗಿ ಗೊತ್ತಿರುವುದು ಒಂದು ದೊಡ್ಡ ಬಿ, ಒಂದು ದೊಡ್ಡ ಇ, ಒಂದು ದೊಡ್ಡ ಡಿ, ಅಷ್ಟೇ. ಎರಡನೆಯ ಅಕ್ಷರದ ಜಾಗದಲ್ಲಿ ಪ್ರಶ್ನೆ ಚಿಹ್ನೆ ಹಾಕಿ.

ಈಗ ಮನೆತನ ಕೆದಕಿ. ಅದರ ಅಮ್ಮ ಚಾಕೊಲೇಟ್ ಆಗಿದ್ದರೆ ಒಂದು ಸಣ್ಣ ಬಿ ಬಂದೇ ಬಂದಿದೆ. ಅಮ್ಮ ಹಳದಿಯಾಗಿದ್ದರೆ ಸಣ್ಣ ಇ ಖಚಿತ. ಹಿಂದಿನ ಸೂಲಿನಲ್ಲಿ ಒಂದೇ ಒಂದು ಹಳದಿ ಮರಿ ಹುಟ್ಟಿದ್ದರೂ ಅಪ್ಪ ಅಮ್ಮ ಇಬ್ಬರ ಹತ್ತಿರವೂ ಸಣ್ಣ ಇ ಇದೆ. ಅಜ್ಜಿ ಚಾಕೊಲೇಟ್ ಅನ್ನುವುದು ಮಾತ್ರ ಸಾಲದು. ಅದು ಅನುಮಾನ, ಪುರಾವೆ ಅಲ್ಲ. ಪ್ರಶ್ನೆ ಚಿಹ್ನೆ ಹಾಗೇ ಇರಲಿ.

ಕಂದು, ಹಳದಿ ಎರಡನ್ನೂ ಬಚ್ಚಿಟ್ಟುಕೊಂಡ ಎರಡು ಕಪ್ಪು ನಾಯಿಗಳಿಗೆ ಅಡ್ಡ ನಾಲ್ಕು, ಉದ್ದ ನಾಲ್ಕು, ಒಟ್ಟು 16 ಮನೆ ಎಳೆಯಿರಿ. ಅಪ್ಪ ಕೊಡಬಹುದಾದ ನಾಲ್ಕು ಅಕ್ಷರ ಜೋಡಿಗಳನ್ನು (ಒಂದು ಬಿ, ಒಂದು ಇ) ಅಡ್ಡಕ್ಕೂ ಅಮ್ಮನ ನಾಲ್ಕನ್ನು ಉದ್ದಕ್ಕೂ ಬರೆದು, ಪ್ರತಿ ಮನೆಯಲ್ಲಿ ಎರಡನ್ನೂ ಸೇರಿಸಿ. 9 ಮನೆಯಲ್ಲಿ ಕಪ್ಪು, 3ರಲ್ಲಿ ಚಾಕೊಲೇಟ್, 4ರಲ್ಲಿ ಹಳದಿ ಬರುತ್ತದೆ. ಆ 4ರಲ್ಲಿ ಒಂದಕ್ಕೆ ಕಂದು ಮೂಗು. ಇದು ಸಾಧ್ಯತೆ ಮಾತ್ರ. ಎಂಟು ಮರಿ ಹುಟ್ಟಿ ಎಂಟೂ ಕಪ್ಪಾದರೆ ಲೆಕ್ಕ ತಪ್ಪಲಿಲ್ಲ.

ಲೆಕ್ಕ ಸರಿಯೇ ಅಂತ ನೋಡಲು ಒಂದು ಒಳದಾರಿ: ಹಳದಿಗೆ ಹಳದಿ ಸೇರಿಸಿದರೆ ಲ್ಯಾಬ್ರಡಾರ್‌ನಲ್ಲಿ ಮರಿಗಳೆಲ್ಲ ಹಳದಿಯೇ. ಅಲ್ಲಿ ಕಪ್ಪು ಮರಿ ಬಂತಾ? ಆಗ ಬೀದಿ ನಾಯಿಯ ಮೇಲೆ ಅನುಮಾನ ಪಡಬಹುದು.

ಫ್ರೆಂಚ್ ಬುಲ್‌ಡಾಗ್ ಸಾಕುವವರಿಗೆ ಒಂದು ಮಾತು. ಮರಿ ಕಂದಾಗಿದ್ದೂ ಬಿ ಜೀನಿನ ಡಿಎನ್‌ಎ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಲ್ಯಾಬಿನವರನ್ನು ಬೈಯಬೇಡಿ. ‘ಕೋಕೊ’ ಎಂಬ ಕಂದು ಬೇರೆಯದೇ ಜೀನಿನದು. ಅದು ಗೊತ್ತಾದದ್ದೇ 2020ರಲ್ಲಿ.

ಬೂದು ಬಣ್ಣ

ಎರಡು ಸಣ್ಣ ಡಿ ಸೇರಿದರೆ ಕಪ್ಪು ‘ಬ್ಲೂ’ ಆಗುತ್ತದೆ, ಚಾಕೊಲೇಟ್ ‘ಸಿಲ್ವರ್’ ಅಥವಾ ‘ಇಸಾಬೆಲ್ಲಾ’ ಆಗುತ್ತದೆ. ವೈಮರಾನರ್ ತಳಿಯ ಬೂದು ಬಣ್ಣವೂ ಇದೇ. ಅಲ್ಲಿ ಅದು ಮಾಮೂಲಿ. ಡಾಬರ್‌ಮನ್ ಕಥೆ ಬೇರೆ. ಬ್ಲೂ ಮರಿ ಹುಟ್ಟುವಾಗ ತುಂಬು ಕೂದಲಿರುತ್ತದೆ. ಕೆಲವು ತಿಂಗಳು ಕಳೆದ ಮೇಲೆ ಅನೇಕ ನಾಯಿಗಳ ಬೆನ್ನಿನ ಕೂದಲು ಉದುರತೊಡಗುತ್ತದೆ, ಚರ್ಮದಲ್ಲಿ ಹುಣ್ಣಾಗುತ್ತದೆ. ಇದಕ್ಕೆ ಪೂರ್ತಿ ಗುಣವಾಗುವ ಮದ್ದಿಲ್ಲ. ಕೂದಲು ಮತ್ತೆ ಬರಿಸುತ್ತೇವೆ ಅನ್ನುವ ಶಾಂಪೂ, ಎಣ್ಣೆಗಳಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಡಾಬರ್‌ಮನ್‌ನಲ್ಲಿ ಬ್ಲೂ ಬೇಕೆಂದೇ ಕ್ರಾಸ್ ಮಾಡಿಸಬಾರದು, ನನ್ನ ಪ್ರಕಾರ ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ಮರ್ಲ್ ಇದೆಯೇ?

ಬೂದು ಮೈ ಮೇಲೆ ಹರಿದಂಥ ಕಪ್ಪು ಮಚ್ಚೆಗಳು: ಆಸ್ಟ್ರೇಲಿಯನ್ ಶೆಫರ್ಡ್‌ನಲ್ಲಿ ಕಾಣುವ ಚೆಂದ ಇದು. ಇದಕ್ಕೆ ಮರ್ಲ್ ಜೀನಿನ ಒಂದು ಪ್ರತಿ ಸಾಕು. ಎರಡು ಪ್ರತಿ ಬಂದ ಮರಿ ಹೆಚ್ಚಾಗಿ ಬಿಳಿಯಾಗಿರುತ್ತದೆ. ಕಿವುಡು, ಕುರುಡು, ತೀರಾ ಸಣ್ಣ ಕಣ್ಣು ಬರುವ ಅಪಾಯ ಅದಕ್ಕೆ ಜಾಸ್ತಿ. ಮರ್ಲ್‌ಗೆ ಮರ್ಲ್ ಸೇರಿಸಿದರೆ ಪ್ರತಿ ಮರಿಗೂ ನಾಲ್ಕರಲ್ಲಿ ಒಂದು ಪಾಲು ಈ ಗಂಡಾಂತರ.

ಮರ್ಲ್ ಒಡೆಯುವುದು ಕಪ್ಪು ಬಣ್ಣವನ್ನು ಮಾತ್ರ. ಎರಡು ಸಣ್ಣ ಇ ಇರುವ ಹಳದಿ ಅಥವಾ ಕ್ರೀಮ್ ನಾಯಿಯ ಕೂದಲಲ್ಲಿ ಕಪ್ಪೇ ಇಲ್ಲವಲ್ಲ, ಹಾಗಾಗಿ ಮರ್ಲ್ ಇದ್ದರೂ ಕಾಣುವುದಿಲ್ಲ. ಕ್ರೀಮ್ ಬಣ್ಣದ ಪೊಮೇರಿಯನ್‌ಗೆ ಮರ್ಲ್ ಜೋಡಿ ತರುವ ಮೊದಲು ಪರೀಕ್ಷೆ ಮಾಡಿಸಲೇಬೇಕು. ಬರೀ ‘ಇದೆ, ಇಲ್ಲ’ ಅನ್ನುವ ಅಗ್ಗದ ಕಿಟ್ ಬೇಡ. ಜೀನಿನೊಳಗೆ ಸೇರಿಕೊಂಡ ಮರ್ಲ್ ತುಣುಕಿನ ಉದ್ದ ಎಷ್ಟು ಅಂತ ಬರೆದುಕೊಡುವ ಲ್ಯಾಬ್ ಹುಡುಕಿ. ಉದ್ದ ಬದಲಾದರೆ ಪರಿಣಾಮವೂ ಬದಲಾಗುತ್ತದೆ.

ಸ್ಯಾಂಪಲ್ ತೆಗೆಯುವುದು

ಕೆನ್ನೆಯ ಒಳಭಾಗಕ್ಕೆ ಸ್ವಾಬ್ ಉಜ್ಜಿ, ಒಣಗಿಸಿ ಕಳುಹಿಸಿ. ಮರಿ ಆಗಷ್ಟೇ ಹಾಲು ಕುಡಿದಿದ್ದರೆ ಬೇಡ. ಬಾಯಲ್ಲಿ ಅಮ್ಮನ ಜೀವಕೋಶ ಸೇರಿಕೊಂಡು ಫಲಿತಾಂಶ ಕೆಡುತ್ತದೆ. ಸ್ವಲ್ಪ ಹೊತ್ತು ಅಮ್ಮನಿಂದ, ಒಡಹುಟ್ಟಿದ ಮರಿಗಳಿಂದ ದೂರ ಇಟ್ಟು ಆಮೇಲೆ ತೆಗೆಯಿರಿ.

ವರದಿಯಲ್ಲಿ ಒಂದೇ ಸಣ್ಣ ಡಿ ಬಂದರೆ ಗಾಬರಿಯಾಗಿ ಆ ನಾಯಿಯನ್ನು ಕೈಬಿಡಬೇಡಿ. ಎರಡೂ ದೊಡ್ಡ ಡಿ ಇರುವ ಜೋಡಿ ಹುಡುಕಿ. ಬೂದು ಮರಿ ಒಂದೂ ಹುಟ್ಟುವುದಿಲ್ಲ.