ಬಲಗಡೆ ಪುಟ ಖಾಲಿ ಬಿಡಿ

ಧಾರವಾಡದಿಂದ ಒಂದು 50 ಪೈಸೆ ಕಾರ್ಡು ಬಂದಿತ್ತು. ಎರಡೇ ಮಾತು: "ಪುಟ ಬಹಳ ಚೆಂದ ಆಗೇದ. ನಾ ಎಲ್ಲಿ ಕೂಡ್ಲಿ?"

ನಾಲ್ಕು ವರ್ಷದ ಹಿಂದಿನ ಮಾತು. ನಾವು ಆರು ಜನ ಸೇರಿ ಚಿತ್ರದ ಪುಸ್ತಕವನ್ನು ಅಂಚೆಯಲ್ಲಿ ಒಬ್ಬರಿಂದ ಒಬ್ಬರಿಗೆ ಕಳಿಸಿ, ಒಬ್ಬೊಬ್ಬರೂ ಅದರಲ್ಲಿ ಬರೆಯುತ್ತ ಹೋಗಲು ಶುರು ಮಾಡಿದ್ದೆವು. ನನ್ನ ಕೈಗೆ ಬಂದ ಮೊದಲ ಪುಸ್ತಕದಲ್ಲಿ ನಾನು ಎರಡು ಪುಟ ಅಂಚಿನಿಂದ ಅಂಚಿಗೆ ತುಂಬಿಸಿದ್ದೆ. ಲಗ್ನಪತ್ರಿಕೆಯ ಚಿನ್ನದ ಗಣಪತಿ, ಹಳೆ ಸೀರೆಯ ಜರಿ, ಚಮಕಿ, ಒಣಗಿದ ಗುಲ್‌ಮೊಹರ್ ಎಸಳು, ಏನಿಲ್ಲ ಅದರಲ್ಲಿ! ಕಳಿಸುವಾಗ ಭಾರೀ ಹೆಮ್ಮೆ. ಆಮೇಲೆ ಈ ಕಾರ್ಡು. ಮೊದಲು ನಗು ಬಂತು, ಸ್ವಲ್ಪ ಹೊತ್ತಿಗೆ ನಾಚಿಕೆ ಆಯಿತು. ಇನ್ನೊಬ್ಬರ ಮನೆಗೆ ಹೋಗಿ ಇದ್ದ ಒಂದೇ ಮಂಚದ ಮೇಲೆ ಕಾಲು ಚಾಚಿ ಮಲಗಿದ ಹಾಗಾಗಿತ್ತು.

ನಾನು ಸಾಗರದವಳು. ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವುದು ಕೆಲಸ. ಚಿತ್ರಕಲೆ ಎಲ್ಲೂ ಕಲಿತಿಲ್ಲ. ಮಂಡಿಯಲ್ಲಿ ರದ್ದಿಗೆ ಹಾಕುವ ಹಳೇ ಖಾತೆ ಪುಸ್ತಕಗಳನ್ನು ಕೇಳಿ ಮನೆಗೆ ತರುತ್ತಿದ್ದೆ. ಆ ಕೆಂಪು ಗೆರೆ, ನೀಲಿ ಶಾಯಿಯಲ್ಲಿ ಬರೆದ ಅಂಕಿ, ಒಣ ಕಾಗದದ ವಾಸನೆ, ಅದೇ ಒಂದು ಹುಚ್ಚು. ಹೆಸರು, ಲೆಕ್ಕ ಇರುವ ಹಾಳೆ ಹರಿದು ಹಾಕಿ ಬರೀ ಗೆರೆ ಇರುವುದನ್ನು ಇಟ್ಟುಕೊಳ್ಳುತ್ತೇನೆ. ಇನ್ನೊಬ್ಬರ ಸಾಲ ಊರೂರು ಸುತ್ತಬಾರದು, ಅಲ್ವಾ?

ಪುಸ್ತಕಕ್ಕೂ ಮೊದಲು ನಾವು ಕೈಯಲ್ಲಿ ಮಾಡಿದ ಸಣ್ಣ ಚಿತ್ರದ ಕಾರ್ಡು ಬದಲಾಯಿಸಿಕೊಳ್ಳುತ್ತಿದ್ದೆವು. ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಇಸ್ಪೀಟು ಎಲೆಯ ಅಳತೆ. ಹಾಗಾಗಿ ನಾನು ಇಸ್ಪೀಟಿನ ಎಲೆಯನ್ನೇ ಅಚ್ಚಾಗಿ ಇಟ್ಟು ಸುತ್ತ ಪೆನ್ಸಿಲ್ ಎಳೆಯುತ್ತೇನೆ. ಈ ಅಳತೆಯ ಕಾರ್ಡಿನ ವಿನಿಮಯವನ್ನು 1997ರಲ್ಲಿ ಜ್ಯೂರಿಕ್‌ನಲ್ಲಿ ಸ್ಟಿರ್ನೆಮನ್ ಎಂಬ ಕಲಾವಿದರು ಶುರು ಮಾಡಿದ್ದು. ಮಾರುವ ಹಾಗಿಲ್ಲ, ಕೊಟ್ಟು ತೆಗೆದುಕೊಳ್ಳಬೇಕು ಅಷ್ಟೇ. ಎರಡು ಕಾರ್ಡು, ಒಂದು ಚೀಟಿ ಲಕೋಟೆಗೆ ಹಾಕಿದರೆ 20 ಗ್ರಾಂ ದಾಟುವುದಿಲ್ಲ, 5 ರೂಪಾಯಿ ಸ್ಟಾಂಪಿನಲ್ಲಿ ಮುಗಿಯುತ್ತದೆ. ಹೊಸಬರು ಯಾರಾದರೂ ಕೇಳಿದರೆ ನಾನು ಇದರಿಂದಲೇ ಶುರು ಮಾಡಿ ಎನ್ನುತ್ತೇನೆ. ಕೆಟ್ಟರೂ ಕೆಡುವುದು ಒಂದು ಇಸ್ಪೀಟೆಲೆಯಷ್ಟು ಮಾತ್ರ.

ಆದರೆ ಕಾರ್ಡಿನಲ್ಲಿ ಅವರದ್ದು ಅವರಿಗೆ, ನಮ್ಮದು ನಮಗೆ. ಒಂದೇ ಹಾಳೆಯ ಮೇಲೆ ಎರಡು ಕೈ ಬೀಳುವುದಿಲ್ಲ. ಆ ಆಸೆಗೆ ಪುಸ್ತಕ ಶುರುವಾಯಿತು.

ಆರು ಜನರೂ ಒಂದೊಂದು ಪುಸ್ತಕ ಹೊಲಿದೆವು. 200 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 200 ಗ್ರಾಂ ತೂಗುವ ಎ4 ಹಾಳೆ ಆರು ತೆಗೆದುಕೊಂಡು ನಡುವೆ ಮಡಚಿದರೆ 24 ಪುಟ. ಒಂದು ಹಾಳೆ ಹನ್ನೆರಡೂವರೆ ಗ್ರಾಂ, ಆರಕ್ಕೆ 75. ಲೆಕ್ಕದವಳಿಗೆ ತೂಕದ ಲೆಕ್ಕ ಬಿಡಲು ಆಗುತ್ತದಾ? ಹೊಲಿಗೆ ಸುಲಭ. ಮಡಿಕೆಯಲ್ಲಿ ದಬ್ಬಳದಿಂದ ಮೂರು ತೂತು. ದಾರಕ್ಕೆ ಮೇಣದ ಬತ್ತಿ ತೀಡಿಕೊಳ್ಳಿ. ಒಳಗಿನಿಂದ ನಡುತೂತಿನಲ್ಲಿ ಸೂಜಿ ಹೊರಗೆ ಹಾಕಿ, ಮೇಲಿನ ತೂತಿನಿಂದ ಒಳಗೆ ಬನ್ನಿ. ಒಳಗೆ ನಡುತೂತು ಬಿಟ್ಟು ಸೀದಾ ಕೆಳಗಿನ ತೂತಿಗೆ ಹೋಗಿ ಹೊರಗೆ ಬನ್ನಿ, ಮತ್ತೆ ನಡುತೂತಿನಿಂದ ಒಳಗೆ. ಈಗ ದಾರದ ಎರಡು ತುದಿಗಳ ನಡುವೆ ಆ ಉದ್ದ ಹೊಲಿಗೆ ಸಿಕ್ಕಿರುತ್ತದೆ. ಅದರ ಮೇಲೆ ಗಂಟು ಹಾಕಿದರೆ ಆಯಿತು. ನನ್ನ ಮೊದಲ ಪುಸ್ತಕದ ಗಂಟು ಸಡಿಲವಾಗಿ, ಪುಣೆ ತಲುಪುವಷ್ಟರಲ್ಲಿ ಹಾಳೆಗಳೆಲ್ಲ ಬಿಡಿ ಬಿಡಿ. ಅಲ್ಲಿನ ಗೆಳತಿ ಮತ್ತೆ ಹೊಲಿದು ಮುಂದೆ ಕಳಿಸಿದಳು. ನನ್ನದು ಕಪ್ಪು ದಾರ, ಅವಳದ್ದು ಹಳದಿ. ಈಗಲೂ ಹಳದಿಯೇ ಇದೆ.

ಸಾಗರ, ಧಾರವಾಡ, ಪುಣೆ, ಬೆಂಗಳೂರು, ಮೈಸೂರು, ಮಂಗಳೂರು, ಮತ್ತೆ ಸಾಗರ. ಪ್ರತಿ ತಿಂಗಳ ಒಂದನೇ ತಾರೀಕು ಎಲ್ಲರೂ ತಮ್ಮ ಕೈಯಲ್ಲಿರುವ ಪುಸ್ತಕವನ್ನು ಮುಂದಿನವರಿಗೆ ಕಳಿಸಬೇಕು. ಯಾರ ಕೈಯೂ ಖಾಲಿ ಇರುವುದಿಲ್ಲ. ಆರು ತಿಂಗಳಿಗೆ ನಮ್ಮ ಪುಸ್ತಕ ನಮ್ಮ ಮನೆಗೆ ಬರುತ್ತದೆ, ಮತ್ತೆ ಹೊರಡುತ್ತದೆ.

ಧಾರವಾಡದ ಆ ಕಾರ್ಡು ಬಂದ ಮೇಲೆ ಒಂದು ನಿಯಮ ಮಾಡಿಕೊಂಡೆವು. ಪುಸ್ತಕ ತೆರೆದಾಗ ಎಡಗಡೆ ಪುಟದಲ್ಲಿ ಹಿಂದಿನವರು ಏನೋ ಶುರು ಮಾಡಿರುತ್ತಾರೆ. ಬಲಗಡೆ ಖಾಲಿ ಇರುತ್ತದೆ. ಅದನ್ನು ನಾನು ಮುಂದುವರಿಸಬೇಕು. ಆಮೇಲೆ ಹಾಳೆ ತಿರುಗಿಸಿ, ಹೊಸ ಎಡಪುಟದಲ್ಲಿ ನಾನು ಏನಾದರೂ ಶುರು ಮಾಡಿ, ಬಲಗಡೆಯನ್ನು ಮುಟ್ಟದೆ ಬಿಡಬೇಕು. ಒಬ್ಬರಿಗೆ ಒಂದು ಸಲಕ್ಕೆ ಮಡಚಿದ ಅರ್ಧ ಹಾಳೆಯ ಎರಡು ಮೈ, ಅಂದರೆ ಎರಡು ಪುಟ. ಅಂತ್ಯಾಕ್ಷರಿ ಇದ್ದ ಹಾಗೆ, ಕೊನೆಯ ಅಕ್ಷರ ಕೊಟ್ಟು ಸುಮ್ಮನೆ ಕೂರುವುದು. ಎರಡು ಸುತ್ತಿಗೆ ಸರಿಯಾಗಿ 24 ಪುಟ ಮುಗಿಯುತ್ತದೆ. ಕೊನೆಯವರು ಶುರು ಮಾಡಿದ್ದನ್ನು ಪುಸ್ತಕದ ಒಡೆಯರು ಹಿಂಬದಿ ರಟ್ಟಿನ ಒಳಮೈಯಲ್ಲಿ ಮುಗಿಸುತ್ತಾರೆ.

ನಡುವೆ ಒಂದು ಸಣ್ಣ ಉಪಾಯ ಇದೆ. ಎಡಪುಟದ ಗೆರೆಗಳನ್ನು ಮಡಿಕೆ ದಾಟಿಸಿ ಬಲಪುಟದೊಳಗೆ ಅರ್ಧ ಸೆಂಟಿಮೀಟರ್ ಮಾತ್ರ ಎಳೆದು ನಿಲ್ಲಿಸುವುದು. ಇದು ನಾವು ಕಂಡುಹಿಡಿದದ್ದೇನಲ್ಲ. 1925ರ ಸುಮಾರಿಗೆ ಪ್ಯಾರಿಸ್‌ನ ಸರ್ರಿಯಲಿಸ್ಟ್ ಕಲಾವಿದರು ಕಾಗದ ಮಡಚಿ, ಗೆರೆಯ ತುದಿ ಮಾತ್ರ ಕಾಣುವಂತೆ ಮಾಡಿ, ಪಕ್ಕದವರಿಗೆ ದಾಟಿಸಿ ಚಿತ್ರ ಬರೆಸುತ್ತಿದ್ದರು. ಆಮೇಲೆ ಅಮೆರಿಕದಲ್ಲಿ ರೇ ಜಾನ್ಸನ್ ಅದನ್ನೇ ಅಂಚೆಗೆ ಹಾಕಿದ ಎನ್ನಬಹುದು. ಮೇಲ್ ಆರ್ಟ್, ಅಂದರೆ ಅಂಚೆಯಲ್ಲಿ ಓಡಾಡುವ ಕಲೆ, ಎಂದ ಕೂಡಲೇ ಎಲ್ಲರೂ ಹೇಳುವ ಹೆಸರು ಅದು. ಮೊಲದ ತಲೆಯಂಥ ಚಿತ್ರ ಗೀಚಿ, ಇದಕ್ಕೆ ಏನಾದರೂ ಸೇರಿಸಿ ವಾಪಸು ಕಳಿಸಿ ಎಂದು ಬರೆದು, ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಹಾಕುತ್ತಿದ್ದ. 1995ರಲ್ಲಿ ತೀರಿಕೊಂಡ. ಅವನ ಕೆಲಸಗಳ ಫೋಟೋ ನೋಡಿದಾಗ ನನಗೆ ಎದ್ದು ಕಂಡದ್ದು ಖಾಲಿ ಜಾಗ. ಕೆಲವಂತೂ ಬರೀ ಹೊರಗೆರೆ. ನನ್ನ ಚಮಕಿ ಪುಟ ನೆನಪಾಯಿತು.

ಅರ್ಧಕ್ಕೆ ನಿಲ್ಲಿಸುವುದು ಎಷ್ಟು ಕಷ್ಟ ಅಂದರೆ, ಕೈ ತಡೆಯುವುದಿಲ್ಲ. ಒಂದು ಸಲ ಎಡಪುಟಕ್ಕೆ ಕೆಮ್ಮಣ್ಣು ಬಳಿದೆ. ನಮ್ಮ ಕಡೆ ದೀವರು ಎಂಬ ಸಮುದಾಯದವರ ಮನೆಗಳ ಗೋಡೆಗೆ ಬಳಿಯುತ್ತಾರಲ್ಲ, ಆ ಮಣ್ಣು. ಸೋಸಿ, ಗೋಂದಿನ ನೀರಿನಲ್ಲಿ ಕಲಸಿದರೆ ಕಾಗದಕ್ಕೆ ಚೆನ್ನಾಗಿ ಹಿಡಿಯುತ್ತದೆ. ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರದ ಗೆರೆ. ಕುಂಚ ಪುಂಡಿ ನಾರಿನದ್ದು. ಪಕ್ಕದ ಬೀದಿಯ ಅಜ್ಜಿ ಒಬ್ಬರು ನಾರಿನ ತುದಿ ಜಜ್ಜಿ ಮಾಡಿಕೊಟ್ಟದ್ದು. ಹಸೆ, ಏಣಿ, ತೇರು ಎಲ್ಲ ಬರೆಯುವ ಆಸೆ ಇತ್ತು. ತೇರಿನ ತಳ ಬರೆದೆ, ಎರಡು ಗಾಲಿ ಬರೆದೆ, ಹಗ್ಗವನ್ನು ಮಡಿಕೆ ದಾಟಿಸಿದೆ. ಪುಸ್ತಕ ಮುಚ್ಚಿ ಅಡುಗೆಮನೆಗೆ ಹೋದೆ. ಇಲ್ಲದಿದ್ದರೆ ಹಗ್ಗ ಎಳೆಯುವ ಜನರನ್ನೂ ನಾನೇ ಬರೆದುಬಿಡುತ್ತಿದ್ದೆ.

ಆರು ತಿಂಗಳ ಮೇಲೆ ನೋಡಿದೆ. ಧಾರವಾಡದವರು ಹಗ್ಗವನ್ನು ಕಸೂತಿ ದಾರ ಮಾಡಿದ್ದರು. ಅಂದರೆ ನಿಜವಾದ ದಾರ. ನನ್ನ ಬಿಳಿ ಗೆರೆ ಮುಗಿದ ಕಡೆಯೇ ಸೂಜಿ ಚುಚ್ಚಿ, ಬಲಪುಟದ ತುಂಬ ಗವಂತಿ ಹೊಲಿಗೆ. ತುದಿಯಲ್ಲಿ ಒಂದು ಸೂಜಿಯ ಚಿತ್ರ. ಜನರೂ ಇಲ್ಲ, ಜಾತ್ರೆಯೂ ಇಲ್ಲ. ಸೂಜಿಯೊಂದು ತೇರು ಎಳೆಯುತ್ತಿತ್ತು! ನನಗೆ ನೂರು ವರ್ಷ ಕೂತರೂ ಹೊಳೆಯುತ್ತಿರಲಿಲ್ಲ.

ಎಲ್ಲವೂ ಹೀಗೇ ಆಗುತ್ತದೆ ಅಂತಲ್ಲ. ಬೆಂಗಳೂರಿನವರು ನನ್ನ ಪುಸ್ತಕದ ಒಂದು ಪುಟದ ಎದುರು ಮೆಟ್ರೋ ಟಿಕೆಟ್ ರಸೀದಿ ಅಂಟಿಸಿ ಮುಗಿಸಿದ್ದರು. ಪುರುಸೊತ್ತಿರಲಿಲ್ಲವಂತೆ. ಎರಡು ದಿನ ಬೇಜಾರಾಯಿತು. ಈಗ ಆ ರಸೀದಿಯ ಅಕ್ಷರ ಪೂರ್ತಿ ಅಳಿಸಿ ಬೆಳ್ಳಗಾಗಿದೆ. ಶಾಖದಿಂದ ಅಚ್ಚಾಗುವ ಕಾಗದ ಹಾಗೇ ಆಗುವುದು. ಅಂಥದ್ದನ್ನು ಅಂಟಿಸುವವರು ಮೊದಲೇ ಜೆರಾಕ್ಸ್ ಮಾಡಿಸಿಕೊಳ್ಳಿ.

ಅಂಟಿನ ವಿಷಯಕ್ಕೆ ಬಂದರೆ ಮಲೆನಾಡಿನ ಮಳೆಗಾಲ ನನ್ನ ಗುರು. ಒಂದು ಚಮಚ ಮೈದಾ, ಆರು ಚಮಚ ನೀರು, ಸಣ್ಣ ಉರಿ. ತಿರುವುತ್ತಾ ಇದ್ದರೆ ಬಿಳಿ ಹೋಗಿ ಗಂಜಿಯ ಹಾಗೆ ಮಿಂಚುತ್ತದೆ, ಆಗ ಇಳಿಸಬೇಕು. ಬೇಸಿಗೆಯಲ್ಲಿ ಇದಕ್ಕಿಂತ ಒಳ್ಳೆಯ ಅಂಟಿಲ್ಲ. ಅಂಟಿಸಿದ ಮೇಲೂ ಸ್ವಲ್ಪ ಜರುಗಿಸಬಹುದು. ಜುಲೈನಲ್ಲಿ ಮಾತ್ರ ಬೇಡ. ಮೂರನೇ ದಿನಕ್ಕೆ ಬೂಷ್ಟು, ಆಮೇಲೆ ಜಿರಳೆಗೆ ಹಬ್ಬ. ಹಿಂದೆ ಬೈಂಡಿಂಗ್‌ನವರು ಅಂಟಿಗೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮನೆಯಲ್ಲಿ ಮಕ್ಕಳಿದ್ದರೆ ಆ ಸಹವಾಸ ಬೇಡ. ಮಳೆಗಾಲಕ್ಕೆ ನಾನು ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ ತೆಳ್ಳಗೆ ಹಚ್ಚುತ್ತೇನೆ. ಚಿತ್ತಾರದ ಬಿಳಿಗೂ ಅದರದ್ದು ಎರಡು ಹನಿ. ಬರೀ ಅಕ್ಕಿ ಹಿಟ್ಟಾದರೆ ಅಂಚೆ ಚೀಲದಲ್ಲಿ ಕುಲುಕಿ ಕುಲುಕಿ ಉದುರಿ ಹೋಗುತ್ತದೆ.

ಅಕ್ರಿಲಿಕ್ ಬಣ್ಣ ಇನ್ನೊಂದು ಪೀಡೆ. ಒಣಗಿದೆ ಅಂದುಕೊಂಡು ಮುಚ್ಚಿದರೆ ಎದುರುಬದುರು ಪುಟ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ನನ್ನ ಒಂದು ನವಿಲಿನ ಅರ್ಧ ಮೈ ಎದುರುಪುಟದ ಪದ್ಯಕ್ಕೆ ಮೆತ್ತಿಕೊಂಡು ಕಿತ್ತು ಬಂದಿತ್ತು. ನಡುವೆ ಬೆಣ್ಣೆ ಕಾಗದ ಇಡಿ. ಇಲ್ಲವಾದರೆ ಮುಖಕ್ಕೆ ಹಾಕುವ ಪೌಡರ್ ಚಿಟಿಕೆ ಉದುರಿಸಿ ಬಟ್ಟೆಯಲ್ಲಿ ಒರೆಸಿ. ನಮ್ಮ ಪುಸ್ತಕಗಳಿಗೆಲ್ಲ ಈಗ ಮದುವೆ ಮನೆ ವಾಸನೆ.

ಹೆಸರಿಗೆ ಬದಲು ನಾವು ಮುದ್ರೆ ಒತ್ತುತ್ತೇವೆ. ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಕೊರೆದದ್ದು. ನಾನು 'ಅಂಚೆ' ಎಂದು ಕೊರೆಯಲು ಹೋಗಿ, ಸೀದಾ ಬರೆದು ಸೀದಾ ಕೊರೆದೆ. ಒತ್ತಿದರೆ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ಟ್ರೇಸಿಂಗ್ ಕಾಗದದಲ್ಲಿ ಮೆತ್ತನೆ ಪೆನ್ಸಿಲಿನಿಂದ ಬರೆದು, ಬರೆದ ಮೈಯನ್ನು ರಬ್ಬರಿಗೆ ಒತ್ತಿ ಉಜ್ಜಿದರೆ ಅಕ್ಷರ ತಾನೇ ತಿರುಗಿ ಮೂಡುತ್ತದೆ. ಕನ್ನಡದ ದುಂಡು ಅಕ್ಷರಕ್ಕೆ ಬ್ಲೇಡನ್ನು ತಿರುಗಿಸಬೇಡಿ, ರಬ್ಬರನ್ನು ತಿರುಗಿಸಿ. ಸೊನ್ನೆಯ ನಡುವಿನ ತೂತಿಗೆ ಬ್ಲೇಡು ಬೇಡವೇ ಬೇಡ. ಖಾಲಿ ರಿಫಿಲ್‌ನ ಹಿಂತುದಿಯನ್ನು ಒತ್ತಿ ತಿರುಗಿಸಿದರೆ ಗುಂಡಗೆ ಕಿತ್ತು ಬರುತ್ತದೆ. ಒತ್ತಕ್ಷರ ಇರುವ ಹೆಸರಿನವರು ಸುಮ್ನೆ ಒಂದು ಹೂವು ಕೊರೆದುಕೊಳ್ಳುವುದು ಒಳ್ಳೆಯದು. ಕೆಲವರು ಸುಳ್ಳು ಸ್ಟಾಂಪೂ ಬರೆಯುತ್ತಾರೆ, ಅಂಚಿಗೆ ಹಲ್ಲು ಕೊಟ್ಟು. ಚೆಂದವೇ. ಆದರೆ ಅದನ್ನು ಲಕೋಟೆಯ ಹಿಂದೆ ಅಂಟಿಸಿ. ಮುಂದಿನ ಬಲ ಮೂಲೆ ನಿಜವಾದದ್ದಕ್ಕೆ ಮಾತ್ರ.

ಎರಡನೇ ವರ್ಷದ ಜುಲೈ ತಿಂಗಳಲ್ಲಿ ನನ್ನಿಂದ ಒಂದು ದೊಡ್ಡ ತಪ್ಪಾಯಿತು. ಮಂಗಳೂರಿನವಳ ಪುಸ್ತಕವನ್ನು ಕಂದು ಕಾಗದದಲ್ಲಿ ಸುತ್ತಿ, ಧಾರವಾಡದ ವಿಳಾಸವನ್ನು ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ, ಬಣ್ಣಬಣ್ಣವಾಗಿ ಬರೆದೆ. ನನ್ನ ವಿಳಾಸವನ್ನೂ ಅದರಲ್ಲೇ. ಮಾಮೂಲಿ ಅಂಚೆಯಲ್ಲಿ ಹಾಕಿದೆ. ಆ ವಾರ ಸಾಗರದಲ್ಲಿ ಸೂರ್ಯನ ಮುಖ ಯಾರೂ ಕಂಡಿರಲಿಲ್ಲ. ಹದಿನೈದು ದಿನ ಆಯಿತು, ಧಾರವಾಡಕ್ಕೆ ತಲುಪಲಿಲ್ಲ. ತಿಂಗಳಾಯಿತು. ನನ್ನದಲ್ಲದೆ ಇನ್ನೂ ಐದು ಜನರ ಕೆಲಸ ಅದರಲ್ಲಿತ್ತು. ಮಂಗಳೂರಿನವಳು ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿ ಎನಿಸುತ್ತಿತ್ತು.

41ನೇ ದಿನ ಅದು ಮಂಗಳೂರಿಗೆ, ಅವಳ ಮನೆಗೇ, ಹೋಗಿ ಮುಟ್ಟಿತು! ಕವರಿನ ಮೇಲೆ ವಿಳಾಸ ತೊಳೆದು ನೇರಳೆ ಮೋಡ ಆಗಿತ್ತು. ಪಿನ್‌ಕೋಡಿನಲ್ಲಿ 580 ಮಾತ್ರ ಉಳಿದಿತ್ತು. ಕವರ್ ಒಡೆದು ಮತ್ತೆ ಅಂಟಿಸಿದ್ದರು. ವಿಳಾಸ ಸಿಗದ ಕಾಗದಗಳನ್ನು ತೆರೆದು ನೋಡಲು ಅಂಚೆಯಲ್ಲಿ ಬೇರೆ ವಿಭಾಗವೇ ಇದೆ. ಹಿಂದೆ ಡೆಡ್ ಲೆಟರ್ ಆಫೀಸ್ ಎನ್ನುತ್ತಿದ್ದರು, ಈಗ ರಿಟರ್ನ್ಡ್ ಲೆಟರ್ ಆಫೀಸ್. ಪುಸ್ತಕದ ಮೊದಲ ಪುಟದಲ್ಲಿ ಅವಳು ಬಾಲ್ ಪೆನ್ನಿನಲ್ಲಿ ತನ್ನ ವಿಳಾಸ ಬರೆದಿಟ್ಟಿದ್ದಳು, ಅದೇ ಕಾಪಾಡಿತು. ಆ ನೇರಳೆ ಕವರನ್ನು ಅವಳು ಎಸೆಯಲಿಲ್ಲ. ಮೂರು ಊರಿನ ಮುದ್ರೆ ಬಿದ್ದಿದ್ದ ತುಂಡನ್ನು ಕತ್ತರಿಸಿ ನನ್ನ ಎಡಪುಟದ ಕೆಳಗೆ ಜೇಬಿನ ಹಾಗೆ ಅಂಟಿಸಿ, ಬಲಪುಟವನ್ನು ಹಾಗೇ ಖಾಲಿ ಬಿಟ್ಟು ಧಾರವಾಡಕ್ಕೆ ಕಳಿಸಿದಳು.

ಅಂದಿನಿಂದ ವಿಳಾಸ ಬಾಲ್ ಪೆನ್ನಿನಲ್ಲಿ, ಅದರ ಮೇಲೆ ಮೇಣದ ಬತ್ತಿ ಒಂದು ಸಲ ತೀಡುವುದು. ಒಳಗೊಂದು ವಿಳಾಸ, ಹೊರಗೊಂದು. ಪುಸ್ತಕಕ್ಕೆ ರಿಜಿಸ್ಟರ್ ಮಾಡಿಸುತ್ತಿದ್ದೆವು. 2025ರಲ್ಲಿ ಅದನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ, ಈಗ ಅದರಲ್ಲೇ ಹೋಗುತ್ತದೆ. ತೂಕ ಕೌಂಟರಿನಲ್ಲೇ ಹಾಕಿಸಿ. 75 ಗ್ರಾಂ ಹಾಳೆಯಿಂದ ಶುರುವಾದ ಪುಸ್ತಕ ವರ್ಷದ ಕೊನೆಗೆ 180 ಆಗಿರುತ್ತದೆ. ಕಾರ್ಡಿನ ಲಕೋಟೆಗೆ ಅಂದಾಜಿನಲ್ಲಿ ಸ್ಟಾಂಪ್ ಹಚ್ಚಿ, ಅದು ಕಡಿಮೆ ಬಿದ್ದು ನಾಟ್‌ಪೇಡ್ ಆದರೆ, ನಿಮ್ಮ ಉಡುಗೊರೆಗೆ ದಂಡ ಕಟ್ಟುವವರು ಪಡೆಯುವವರು.

ಇದು ನಾಲ್ಕನೇ ವರ್ಷದ ಪುಸ್ತಕ. ಈ ತಿಂಗಳು ನನ್ನ ಹತ್ತಿರ ಇರುವುದು ಮೈಸೂರಿನ ಮೇಷ್ಟರದ್ದು. ಎಡಪುಟದಲ್ಲಿ ಮಂಗಳೂರಿನವಳು ಬರೀ ಒಂದು ಕಿಟಕಿ ಬರೆದಿದ್ದಾಳೆ, ಒಂದು ಬಾಗಿಲು ಮುಚ್ಚಿದೆ. ತೆರೆದ ಬಾಗಿಲಿನ ಅಂಚು ಮಡಿಕೆ ದಾಟಿ ನನ್ನ ಕಡೆ ಅರ್ಧ ಸೆಂಟಿಮೀಟರ್ ಬಂದು ನಿಂತಿದೆ. ಇವತ್ತು 22ನೇ ತಾರೀಕು. ಖಾತೆ ಹಾಳೆಯ ಕೆಂಪು ಗೆರೆಗಳನ್ನು ಆ ಅಂಚಿಗೆ ಹಿಡಿದು ನೋಡಿದೆ, ಮಳೆಯ ಹಾಗೆ ಕಾಣುತ್ತದೆ. ಕತ್ತರಿಸಿಲ್ಲ ಇನ್ನೂ.